ಹಿಂದಿನ ಚಕ್ರ ಬೆಳಿಗ್ಗೆ ಹೊತ್ತಿಗೆ ಚಪ್ಪಟೆ. ಟ್ಯೂಬ್‌ಲೆಸ್ ಮಾಡಿಕೊಂಡು ತಲೆ ಕೆಟ್ಟಿದೆ

ಗಾಜನೂರು ಗಾಳಿ:
ಹತ್ತು ದಿನದಿಂದ ಇದೇ ಗೋಳು. ಎಂಟಿಬಿಯನ್ನು (ಮೌಂಟನ್ ಬೈಕ್ ಸೈಕಲ್) ನಾನೇ ಟ್ಯೂಬ್‌ಲೆಸ್ ಮಾಡಿದೆ. ಮುಂದಿನ ಚಕ್ರ ಒಂದೇ ಸಲಕ್ಕೆ ಕೂತಿತು, ಇವತ್ತಿಗೂ ಕಲ್ಲಿನ ಹಾಗಿದೆ. ಹಿಂದಿನದಕ್ಕೆ ರಾತ್ರಿ 30 ಪಿಎಸ್‌ಐ ಹೊಡೆದರೆ ಬೆಳಿಗ್ಗೆ ನೆಲಕ್ಕೆ ಅಂಟಿಕೊಂಡಿರುತ್ತದೆ. ತೂತು ಮುಚ್ಚುವ ದ್ರವ, ಅದೇ ಸೀಲೆಂಟ್, ಮೂರು ಸಲ ಹಾಕಿದೆ. ಟಯರ್ ಹೊಸದು, 29x2.25 ಇಂಚು, ಟ್ಯೂಬ್‌ಲೆಸ್ ರೆಡಿ ಅಂತಲೇ ಬರೆದಿದೆ. ರಿಮ್ಮಿನ ಒಳಗೆ ಗಾಳಿ ಸೋರದಂತೆ ಸುತ್ತುವ ಟೇಪ್ ಎರಡಕ್ಕೂ ಒಂದೇ ಸುರುಳಿಯದು. ಭಾನುವಾರ ಮಂಡಗದ್ದೆ ಕಡೆ ಹೋಗುವುದಿದೆ. ಏನು ಮಾಡಲಿ?

ತೀರ್ಥಹಳ್ಳಿ 29:
ಕೈ ಪಂಪಿನಲ್ಲಿ ಹೊಡೆದಿರಬೇಕು. ಆಗಲ್ಲ. ವಾಲ್ವ್ ಕೋರ್ (ವಾಲ್ವ್ ಒಳಗಿನ ಬಿಚ್ಚುವ ಭಾಗ) ಬಿಚ್ಚಿ, ಕಂಪ್ರೆಸರ್‌ನಿಂದ ಒಮ್ಮೆಲೇ ಗಾಳಿ ಬಿಡಿ. ಬೀಡ್, ಅಂದರೆ ಟಯರಿನ ಅಂಚು, ಟಪ್ ಟಪ್ ಅಂತ ಕೂರಬೇಕು. ಪಂಕ್ಚರ್ ಅಂಗಡಿಗೆ ಹೋಗುವಾಗ ಪ್ರೆಸ್ಟಾ (ಸೈಕಲ್ಲಿನ ತೆಳು ವಾಲ್ವ್) ಅಡಾಪ್ಟರ್ ಮರೆಯಬೇಡಿ.

ಗಾಜನೂರು ಗಾಳಿ:
ಕೂತಿದೆ ಮಾರಾಯ್ರೆ. ಟಯರ್ ಮೇಲಿನ ಗೆರೆ ಸುತ್ತಲೂ ಸಮನಾಗಿದೆ. ಸೋಪು ನೀರು ಹಾಕಿ ನೋಡಿದೆ. ವಾಲ್ವ್ ಬುಡದಲ್ಲಿ ಸಣ್ಣ ಸಣ್ಣ ಗುಳ್ಳೆ ಬರುತ್ತಿವೆ.

ಸಾಗರದ ಸವಾರ:
ಗುಳ್ಳೆ ವಾಲ್ವ್ ಬುಡದಲ್ಲಿ ಅಂದ ಮೇಲೆ ಇನ್ನೇನು ಚರ್ಚೆ? ವಾಲ್ವ್‌ನದೇ ತೊಂದರೆ. ನನಗೂ ಹೋದ ಮಳೆಗಾಲದಲ್ಲಿ ಹೀಗೇ ಆಗಿತ್ತು. ನಟ್ ಬಿಗಿ ಮಾಡಿ. ಕೈಯಲ್ಲೇ ಮಾಡಿ, ಇಕ್ಕಳ ಹಾಕಬೇಡಿ. ಆಮೇಲೆ ಕಾಡಿನಲ್ಲಿ ಟ್ಯೂಬ್ ಹಾಕಬೇಕಾಗಿ ಬಂದಾಗ ವಾಲ್ವ್ ಬಿಚ್ಚೋಕೆ ಆಗಲ್ಲ.

ಗಾಜನೂರು ಗಾಳಿ:
ಬಿಗಿ ಮಾಡಿದೆ. ಹೊಸ ವಾಲ್ವ್ ಕೂಡ ತಂದು ಹಾಕಿದೆ. ಅದೇ ಕಥೆ.

ಸಾಗರದ ಸವಾರ:
ಹಾಗಾದರೆ ಆ ವಾಲ್ವ್ ಕೂಡ ಸರಿಯಿಲ್ಲ. ರಬ್ಬರ್ ಬುಡ ದುಂಡಗಿದೆಯಾ, ಚೌಕ ಇದೆಯಾ? ಬೇರೆ ಆಕಾರದ್ದು ತರಿಸಿ.

ಗಾಜನೂರು ಗಾಳಿ:
ಮೂರನೆಯದಾ?!

ಅಡಿಕೆ ಹಾಳೆ:
ಸುಮ್ನೆ ಸ್ಕೂಟರಿಗೆ ಹಾಕುವ ಸೀಲೆಂಟ್ ಸುರಿಯಿರಿ ಸರ್. ಅಗ್ಗ, ದಪ್ಪ, ಎಲ್ಲ ಮುಚ್ಚಿಬಿಡುತ್ತದೆ.

ತೀರ್ಥಹಳ್ಳಿ 29:
ದಯವಿಟ್ಟು ಬೇಡ. ಸೈಕಲ್ಲಿನದು ತೆಳು ಲೇಟೆಕ್ಸ್. ತೂತಿನಿಂದ ಹೊರಗೆ ಬರುವಾಗ ಅಲ್ಲೇ ಹೆಪ್ಪುಗಟ್ಟಿ ರಬ್ಬರ್ ಆಗುತ್ತದೆ. ನಮ್ಮ ಕಡೆ ರಬ್ಬರ್ ತೋಟದಲ್ಲಿ ಚಿಪ್ಪಿಗೆ ಇಳಿಯುವ ಹಾಲು ಇದೆಯಲ್ಲ, ಅದೇ ಜಾತಿ.

ಅಡಿಕೆ ಹಾಳೆ:
ಹಾಗಾದರೆ ಪಕ್ಕದ ತೋಟದಿಂದ ಒಂದು ಲೋಟ ತಂದರಾಯ್ತಲ್ಲ 😄

ತೀರ್ಥಹಳ್ಳಿ 29:
ತನ್ನಿ, ಮನೆ ಮುಟ್ಟುವುದರೊಳಗೆ ಗಟ್ಟಿಯಾಗುತ್ತದೆ. ಅದು ಹೆಪ್ಪುಗಟ್ಟದಿರಲಿ ಅಂತಲೇ ಅಮೋನಿಯಾ ಬೆರೆಸುವುದು. ಸೀಲೆಂಟ್ ಬಾಟಲಿ ತೆಗೆದ ತಕ್ಷಣ ಮೂಗಿಗೆ ಹೊಡೆಯುವ ವಾಸನೆ ಎಷ್ಟೋ ಸಲ ಅದರದ್ದೇ.

ಹಂಚಿನ ಮನೆ:
ಸ್ವಲ್ಪ ನಿಲ್ಲಿ. ಗುಳ್ಳೆ ವಾಲ್ವ್ ಹತ್ತಿರ ಬಂದರೆ ಗಾಳಿ ಸೋರುತ್ತಿರುವುದೂ ಅಲ್ಲೇ ಅಂತ ಹೇಳೋಕೆ ಬರಲ್ಲ. ಡಬಲ್ ವಾಲ್ ರಿಮ್ ಒಳಗೆ ಟೊಳ್ಳು. ಟೇಪ್ ಎಲ್ಲೋ ಒಂದು ಕಡೆ ಎದ್ದಿದ್ದರೆ ಗಾಳಿ ಆ ಟೊಳ್ಳಿಗೆ ನುಗ್ಗುತ್ತದೆ, ಆಮೇಲೆ ಸುತ್ತು ಹಾಕಿ ವಾಲ್ವ್ ತೂತು, ಕಡ್ಡಿಯ ಬುಡ, ರಿಮ್ಮಿನ ಜೋಡಣೆ, ಯಾವುದು ಸುಲಭವೋ ಅಲ್ಲಿಂದ ಹೊರಗೆ ಬರುತ್ತದೆ. ಹಂಚು ಒಡೆದಿರುವುದು ಒಂದು ಕಡೆ, ನೀರು ತೊಟ್ಟಿಕ್ಕುವುದು ಇನ್ನೊಂದು ಕಡೆ. ಮಳೆಗಾಲ ಕಂಡವರಿಗೆ ಬೇರೆ ಹೇಳಬೇಕಾ? ಕಡ್ಡಿಗಳ ಬುಡದಲ್ಲಿ ಸೀಲೆಂಟ್ ಸೋರಿದ ಬಿಳಿ ಕಲೆ ಇದೆಯಾ? ರಿಮ್ಮಿನ ಒಳ ಅಗಲ ಎಷ್ಟು? ಟೇಪ್ ಅಗಲ ಎಷ್ಟು?

ಗಾಜನೂರು ಗಾಳಿ:
ನಾಲ್ಕೈದು ಕಡ್ಡಿಗಳ ಬುಡದಲ್ಲಿ ಬಿಳಿ ಇದೆ. ಒರೆಸಿ ಬಿಟ್ಟಿದ್ದೆ. ಟೇಪ್ 27 ಮಿ.ಮೀ. ಮುಂದಿನ ರಿಮ್ ಒಳಗೆ 25.

ಹಂಚಿನ ಮನೆ:
ಹಿಂದಿನದು?

ಗಾಜನೂರು ಗಾಳಿ:
ಅಳತೆ ಮಾಡಿ ಬಂದೆ. 30. ಹೋದ ವರ್ಷ ಕೊಡಚಾದ್ರಿ ಜೀಪ್ ದಾರಿ ಇಳಿಯುವಾಗ ಕಲ್ಲಿಗೆ ಹೊಡೆದು ಹಿಂದಿನ ರಿಮ್ ಬದಲಾಯಿಸಿದ್ದೆ. ಅದು ಅಗಲದ್ದು ಅಂತ ತಲೆಗೇ ಹೋಗಲಿಲ್ಲ.

ತೀರ್ಥಹಳ್ಳಿ 29:
ಇದನ್ನು ಮೊದಲೇ ಹೇಳೋದಲ್ವಾ!

ಹಂಚಿನ ಮನೆ:
ಟೇಪ್ ಒಳ ಅಗಲಕ್ಕಿಂತ 2ರಿಂದ 5 ಮಿ.ಮೀ. ಜಾಸ್ತಿ ಇರಬೇಕು. ಎರಡೂ ಅಂಚು ಬೀಡ್ ಅಡಿಗೆ ಸಿಕ್ಕಿಕೊಂಡರೆ ಮಾತ್ರ ಹಿಡಿತ. ನಿಮ್ಮದು ನಡುವೆ ಒಂದು ಪಟ್ಟಿಯಂತೆ ಕೂತಿದೆ, ಅಂಚಿನಿಂದ ಗಾಳಿ ಅಡಿಗೆ ಹೋಗುತ್ತಿದೆ. 34ರದ್ದು ತರಿಸಿ. ಹಳೆಯದನ್ನು ಕಿತ್ತು, ಒಣಗಿದ ಲೇಟೆಕ್ಸ್ ಪೂರ್ತಿ ಉಜ್ಜಿ ತೆಗೆಯಿರಿ, ಅದರ ಮೇಲೆ ಟೇಪ್ ಅಂಟಲ್ಲ. ಆಮೇಲೆ ಮೆಡಿಕಲ್‌ನಲ್ಲಿ ಸಿಗುವ ಸ್ಪಿರಿಟ್‌ನಿಂದ ಒರೆಸಿ. ಈಗಿನ ಥಂಡಿಯಲ್ಲಿ ರಿಮ್ ಒಣಗಿದ ಹಾಗೆ ಕಂಡರೂ ಒಣಗಿರಲ್ಲ, ಬಚ್ಚಲ ಒಲೆಯಿಂದ ಸ್ವಲ್ಪ ದೂರದಲ್ಲಿ ಒಂದು ರಾತ್ರಿ ಇಡಿ. ಟೇಪ್ ಎಳೆದು ಎಳೆದು ಹಾಕಿ, ಎರಡು ಸುತ್ತು. ಟ್ಯೂಬ್ ಹಾಕಿ ಗಾಳಿ ತುಂಬಿ ಇನ್ನೊಂದು ರಾತ್ರಿ ಬಿಟ್ಟರೆ ಟೇಪ್ ಒತ್ತಿ ಕೂರುತ್ತದೆ. ವಾಲ್ವ್ ತೂತನ್ನು ಬ್ಲೇಡಿನಲ್ಲಿ ಕೊಯ್ಯಬೇಡಿ, ಕಾಯಿಸಿದ ಮೊಳೆಯಿಂದ ಚುಚ್ಚಿ. ಕೊನೆಗೆ ಸೀಲೆಂಟ್ 100 ಮಿ.ಲೀ. ಸಾಕು.

ಸಾಗರದ ಸವಾರ:
ಇರಬಹುದು. ಆದರೂ ವಾಲ್ವ್ ಒಮ್ಮೆ ನೋಡಿ.

ಆಗುಂಬೆ ಇಳಿಜಾರು:
ನನ್ನ ಪ್ರಕಾರ 30ರ ರಿಮ್ಮಿಗೆ 2.25 ಹಾಕಿದ್ದೇ ತಪ್ಪು. ಕನಿಷ್ಠ 2.4 ಬೇಕು. ನನ್ನದು ಕಾರ್ಬನ್ ರಿಮ್, ಮುಂದೆ 2.6, ಹಿಂದೆ 2.4, ಗಾಳಿ 18 ಮತ್ತು 21. ಬೇರಿನ ಮೇಲೆ ಹಾಸಿಗೆ ಮೇಲೆ ಹೋದ ಹಾಗೆ. ಫೋಟೋ ಹಾಕಲಾ?

ತೀರ್ಥಹಳ್ಳಿ 29:
2.25 ಕೂರುತ್ತದೆ, ಸ್ವಲ್ಪ ಚೌಕ ಆಗುತ್ತದೆ ಅಷ್ಟೇ. ನಿಮ್ಮ ಕಾರ್ಬನ್ ಕಥೆ ಹೋದ ಸಲವೂ ಕೇಳಿದ್ದೇವೆ.

ಆಗುಂಬೆ ಇಳಿಜಾರು:
ಹೊಟ್ಟೆಕಿಚ್ಚಿಗೆ ಸೀಲೆಂಟ್ ಇಲ್ಲ.

ಗಾಜನೂರು ಗಾಳಿ:
34ರ ಟೇಪ್ ಇಲ್ಲಿ ಸಿಗಲಿಲ್ಲ. ಬೆಂಗಳೂರಿನಿಂದ ತರಿಸುತ್ತಿದ್ದೇನೆ, ಸೋಮವಾರ ಬರುತ್ತದಂತೆ. ಭಾನುವಾರಕ್ಕೆ ಹಿಂದೆ ಟ್ಯೂಬ್ ಹಾಕಿಕೊಂಡೇ ಹೋಗುತ್ತೇನೆ. ಬಿದಿರು ಮೆಳೆ ಇರುವ ದಾರಿ. ನನ್ನ ಗ್ರಹಚಾರ.

ಹೊಸನಗರ ಹೊಸಬ:
ಅಣ್ಣಾ, ಮಧ್ಯೆ ಕೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನನ್ನದು 26 ಇಂಚಿನ ಹಳೆ ಸೈಕಲ್, ಸಿಂಗಲ್ ವಾಲ್ ರಿಮ್. ಟೇಪ್ ಹಾಕಿದೆ, ಟಯರ್ ಕೂರುತ್ತಲೇ ಇಲ್ಲ. ಏನಿರಬಹುದು?

ಸಾಗರದ ಸವಾರ:
ವಾಲ್ವ್ ಯಾವುದು ಹಾಕಿದ್ದೀರಿ?