ಭಾನುವಾರದ ಪ್ರಶ್ನೋತ್ತರ: ಬಸುರಿ-ಬಾಣಂತಿ ಆರೋಗ್ಯ

ಅಡ್ಮಿನ್: ಸಂಜೆ 6ರಿಂದ 7ರವರೆಗೆ ಹೆರಿಗೆ ಡಾಕ್ಟರ್ ಮೇಡಂ ಉತ್ತರಿಸುತ್ತಾರೆ. ಫಾರ್ವರ್ಡ್ ಬೇಡ.

ಸುಮಾ, ಯಲಹಂಕ: ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತಾ ಮೇಡಂ?

ಡಾಕ್ಟರ್: ಇಲ್ಲ.

ರೇಖಾ, ಪೀಣ್ಯ: ಗಾರ್ಮೆಂಟ್ಸ್‌ನಲ್ಲಿದ್ದೀನಿ, ಆರನೇ ತಿಂಗಳು. ಹಿಮೋಗ್ಲೋಬಿನ್ 9. ಬೀಟ್‌ರೂಟ್ ಜ್ಯೂಸ್ ಸಾಕಾ?

ಡಾಕ್ಟರ್: ಸಾಲದು. 11 ಆದರೂ ಇರಬೇಕು. ಕಬ್ಬಿಣದ ಮಾತ್ರೆ ಬಿಡಬೇಡಿ. ಕಾಫಿ-ಟೀ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ.

ಮಂಜುಳಾ, ವರ್ತೂರು: ಎದುರುಗಡೆ ಬಿಲ್ಡಿಂಗ್ ಕೆಲಸದ ಶೆಡ್‌ನಲ್ಲಿ ರಾಯಚೂರು ಕಡೆಯ ಹುಡುಗಿ, ಎಂಟನೇ ತಿಂಗಳು. ಎರಡು ದಿನದಿಂದ ತಲೆನೋವು. ಮುಖ ಊದಿದೆ, ಬಳೆ ಕೈಯಿಂದ ಈಚೆ ಬರ್ತಿಲ್ಲ. ತಾಯಿ ಕಾರ್ಡ್ ಊರಲ್ಲಿದೆ. ಕಾರ್ಡಿಲ್ಲದೆ ಸೇರಿಸಿಕೊಳ್ಳಲ್ಲ ಅಂತ ಮೇಸ್ತ್ರಿ ಹೆದರಿಸಿದ್ದಾನೆ.

ಡಾಕ್ಟರ್: ಕಣ್ಣು ಮಂಜಾಗುತ್ತಾ? ಹೊಟ್ಟೆಯ ಮೇಲ್ಭಾಗ ನೋಯುತ್ತಾ? ಉತ್ತರ ಆಮೇಲೆ ಬರೆಯಿರಿ, ಮೊದಲು 108ಕ್ಕೆ ಫೋನ್ ಮಾಡಿ. ಬಿಪಿ ಏರಿರುವ ಹಾಗಿದೆ. 140/90 ಮುಟ್ಟಿದರೇ ನಾವು ಸುಮ್ಮನಿರುವುದಿಲ್ಲ. ಬಿಟ್ಟರೆ ಫಿಟ್ಸ್ ಬರಬಹುದು, ತಾಯಿ-ಮಗು ಇಬ್ಬರ ಜೀವಕ್ಕೂ ಕುತ್ತು. ಅದನ್ನು ತಡೆಯೋಕೆ ಮ್ಯಾಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಇದೆ. ಹಳೇ ಔಷಧಿ, ಅಗ್ಗದ್ದು. ಆದರೆ ಆಸ್ಪತ್ರೆ ಬಾಗಿಲಿಗೆ ಬರಬೇಕಲ್ಲ! ದೊಡ್ಡಾಸ್ಪತ್ರೆ ವಾಣಿ ವಿಲಾಸವೇ ಆಗಬೇಕು ಅಂತ ಟ್ರಾಫಿಕ್‌ನಲ್ಲಿ ಕೂರಬೇಡಿ. ರಾತ್ರಿಯೂ ಸಿಸೇರಿಯನ್ ಮಾಡುವ ಹತ್ತಿರದ ಆಸ್ಪತ್ರೆಗೆ ಹೋಗಿ. ತುರ್ತಿನಲ್ಲಿ ಕಾರ್ಡ್ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ನೀವೂ ಜೊತೆಗೆ ಹೋಗಿ ಮಂಜುಳಾ. ಶೆಡ್‌ನ ಹುಡುಗಿ ಒಬ್ಬಳೇ ನಿಂತರೆ ಕೌಂಟರಿನಲ್ಲಿ ಯಾರೂ ತಲೆ ಎತ್ತಿ ನೋಡೋದಿಲ್ಲ. ನಮ್ಮಲ್ಲೇ ನೋಡಿದ್ದೀನಿ.

ಶೈಲಜಾ: ಫಾರ್ವರ್ಡ್: ಬಾರ್ಲಿ ನೀರು ಮೂರು ಲೋಟ, ಒಂದೇ ದಿನದಲ್ಲಿ ಊತ ಮಾಯ!!

ಡಾಕ್ಟರ್: ಅಳಿಸಿ. ಬಾರ್ಲಿ ಬೇಯೋವರೆಗೆ ಫಿಟ್ಸ್ ಕಾಯೋದಿಲ್ಲ.

ಶೈಲಜಾ: ನಮ್ಮಜ್ಜಿ ಒಂಬತ್ತು ಹೆತ್ತರು. ಯಾರು ಬಿಪಿ ನೋಡಿದ್ರು?

ನಾಗರತ್ನ: ಉಳಿದಿದ್ದು ಎಷ್ಟು, ಅದನ್ನೂ ಹೇಳಿ.

ಶೈಲಜಾ: ಹಿರಿಯರ ವಿಷಯದಲ್ಲಿ ನಾಲಿಗೆ ಬಿಗಿ ಹಿಡಿದು ಮಾತಾಡಿ.

ಪ್ರಕಾಶ್: ಇವರೆಲ್ಲ ಊರಲ್ಲೇ ಹೆರಬಾರದಾ? ಇಲ್ಲಿನ ಬೆಡ್ ನಮ್ಮ ಟ್ಯಾಕ್ಸ್ ದುಡ್ಡು.

ನಾಗರತ್ನ: ನೀವು ಕೂತಿರೋ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊತ್ತವರು ಯಾರು ಸ್ವಾಮಿ?

ರೇಖಾ: ಬಸುರಿಯರಿಗೆ ಸರ್ಕಾರ ಕೊಡೋ ಮಾತೃವಂದನಾ ಯೋಜನೆಯ 5,000 ರೂಪಾಯಿ ಇನ್ನೂ ಬಂದಿಲ್ಲ. ಯಾರನ್ನು ಕೇಳಬೇಕು?

ಪ್ರಕಾಶ್: ನಾನು ನಿಯಮ ಹೇಳಿದೆ ಅಷ್ಟೇ.

ಡಾಕ್ಟರ್: ಅಂಥ ನಿಯಮ ಇಲ್ಲ.

ಕವಿತಾ: ಮೇಡಂ, ಕೇಸರಿ ಎಷ್ಟು ಎಸಳು ಹಾಕಬೇಕು?

ಡಾಕ್ಟರ್: ಮೇಲೆ ಓದ್ರಿ. ಮಂಜುಳಾ, ಗಾಡಿ ಬಂತಾ?

ಮಂಜುಳಾ: ಬಂತು ಮೇಡಂ, ಹತ್ತಿದ್ದೀವಿ. ಬಿಪಿ 160/110 ಅಂತೆ. ಬಳೆ ಒಡೆದು ತೆಗೆದರು. ಕಣ್ಣು ಮಂಜು ಅಂತಿದ್ದಾಳೆ.

ಡಾಕ್ಟರ್: ಎಡಮಗ್ಗುಲಿಗೆ ಮಲಗಲಿ. ಬಾಯಿಗೆ ಏನೂ ಹಾಕಬೇಡಿ. ನನಗೆ ಫೋನ್ ಮಾಡಿ, ಇಲ್ಲಿ ಬರೆಯಬೇಡಿ.

ರೇಖಾ: ಮೇಡಂ, ಆ 5,000?