ಹಾಳೆ ತಟ್ಟೆಯ ವೆಬ್‌ಸೈಟಿಗೆ ಎಐ ಕೊಟ್ಟ ಉದ್ದ ಪಟ್ಟಿ: ಎಲ್ಲವನ್ನೂ ಬರೆಯಬೇಕಾ?

ಪೆರ್ಲದ ಹಾಳೆತಟ್ಟೆ:

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ಹಾಳೆ ತಟ್ಟೆ ಘಟಕ ಇದೆ. ಮೆಷಿನ್ ಅಪ್ಪ ನೋಡಿಕೊಳ್ಳುತ್ತಾರೆ, ಆರ್ಡರ್ ಮತ್ತು ವೆಬ್‌ಸೈಟ್ ನನ್ನ ಪಾಲಿಗೆ. ಇಷ್ಟರವರೆಗೆ ಬಂದ ಗಿರಾಕಿಗಳೆಲ್ಲ ಬಾಯಿಮಾತಿನಿಂದ ಬಂದವರು. ದೇವಸ್ಥಾನದ ಬ್ರಹ್ಮಕಲಶದ ಸಮಿತಿಯವರು, ಮದುವೆ ಅಡುಗೆಯವರು, ಮಂಗಳೂರಿನ ಒಂದೆರಡು ಅಂಗಡಿ. ಇನ್ನು ಮೇಲೆ ಗೂಗಲ್‌ನಲ್ಲಿ ಹುಡುಕುವವರಿಗೂ ನಾವು ಸಿಗಬೇಕು ಅಂತ ಆಸೆ.

ಒಂದು ವಿಷಯದ ಸುತ್ತ ಹತ್ತಾರು ಪುಟ ಬರೆದು ಒಂದಕ್ಕೊಂದು ಲಿಂಕ್ ಕೊಡಬೇಕು, ಅದಕ್ಕೆ ಟಾಪಿಕ್ ಕ್ಲಸ್ಟರ್ ಅನ್ನುತ್ತಾರೆ ಎಂದು ಓದಿದೆ. ಚಾಟ್‌ಜಿಪಿಟಿಯಲ್ಲಿ ಕೇಳಿದ್ದಕ್ಕೆ ಮುಗಿಯದಷ್ಟು ಉದ್ದದ ಪಟ್ಟಿ ಕೊಟ್ಟಿದೆ. 'ಹಾಳೆ ತಟ್ಟೆಯ ಹತ್ತು ಪ್ರಯೋಜನಗಳು', 'ಪರಿಸರಸ್ನೇಹಿ ತಟ್ಟೆ ಏಕೆ ಬೇಕು', 'ಅಮೆರಿಕಕ್ಕೆ ರಫ್ತು ಮಾಡುವುದು ಹೇಗೆ', ಹೀಗೆ. ಪ್ರತಿಯೊಂದರ ಪಕ್ಕ ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ ಎಂಬ ಅಂಕಿಯೂ ಇದೆ. ಲೇಖನಗಳನ್ನು ತಾನೇ ಬರೆದು ಕೊಡುತ್ತದಂತೆ. ಎಲ್ಲ ಹಾಕಿಬಿಡಲಾ? ಯಾವುದರಿಂದ ಶುರು ಮಾಡಲಿ? ಕನ್ನಡದಲ್ಲಾ, ಇಂಗ್ಲಿಷಿನಲ್ಲಾ?

ಕುಂಬಳೆ ವೆಬ್ ಕೆಲಸ:

ಎಲ್ಲ ಹಾಕಬೇಡಿ ತಂಗಿ. ಆ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ.

ಮೊದಲು ಅಂಕಿಗಳ ವಿಷಯ. ಚಾಟ್‌ಜಿಪಿಟಿ ಇರಲಿ, ಜೆಮಿನಿ ಇರಲಿ, ಅದರೊಳಗೆ ಗೂಗಲ್ ಹುಡುಕಾಟದ ಲೆಕ್ಕ ಇರುವುದಿಲ್ಲ. ಜನ ಹುಡುಕುವ ಪದಗಳ ಲೆಕ್ಕ ಕೊಡುವ ಕೀವರ್ಡ್ ಟೂಲ್ ಯಾವುದನ್ನೂ ಜೋಡಿಸದೆ ಕೇಳಿದರೆ ನಂಬುವ ಹಾಗಿರುವ ಒಂದು ಸಂಖ್ಯೆ ಬರೆದು ಕೊಡುತ್ತದೆ, ಅಷ್ಟೆ. ಆ ಕಾಲಮ್ಮನ್ನು ಅಳಿಸಿಬಿಡಿ. ಗೂಗಲ್ ಆಡ್ಸ್‌ನ ಕೀವರ್ಡ್ ಪ್ಲ್ಯಾನರ್‌ನಲ್ಲಿ ಅಂದಾಜು ಸಿಗುತ್ತದೆ. ಆದರೆ ನಮ್ಮ ಕಡೆಯ ಕನ್ನಡ ಪದ ಹಾಕಿದರೆ ಅಲ್ಲೂ ಹೆಚ್ಚಾಗಿ ಖಾಲಿಯೇ. ಖಾಲಿ ಕಂಡಿತು ಅಂತ ಯಾರೂ ಹುಡುಕುವುದಿಲ್ಲ ಎಂದುಕೊಳ್ಳಬೇಡಿ.

ಅಮೆರಿಕ ರಫ್ತಿನ ಪುಟವನ್ನಂತೂ ಹಾಕಲೇಬೇಡಿ. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳು ಆಹಾರಕ್ಕೆ ಸಲ್ಲುವುದಿಲ್ಲ ಎಂದು ಹೇಳಿದೆ. ಅಡಿಕೆಯಲ್ಲಿರುವ ರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದು ಎಂಬ ಕಾರಣ ಕೊಟ್ಟಿದೆ. ಎಐ ಕಲಿತದ್ದು ಹಳೆಯ ಬರಹಗಳಿಂದ. ಹಾಗಾಗಿ ರಫ್ತು ಮಾಡಿ ಎಂದು ಧೈರ್ಯವಾಗಿ ಹೇಳುತ್ತದೆ. ಈ ಸುದ್ದಿ ಕೇಳಿದವರು ನಿಮ್ಮನ್ನೂ ಖಂಡಿತ ಕೇಳುತ್ತಾರೆ. 'ಹಾಳೆ ತಟ್ಟೆಯಲ್ಲಿ ಊಟ ಮಾಡಬಹುದಾ?' ಎಂದು ಒಂದು ಪುಟ ಇರಲೇಬೇಕು, ಅದನ್ನು ನೀವೇ ಬರೆಯಬೇಕು. ಎಫ್‌ಡಿಎ ಏನು ಹೇಳಿತು, ನೀವು ಹಾಳೆಗೆ ಏನೆಲ್ಲ ಮಾಡುತ್ತೀರಿ, ಏನು ಹಚ್ಚುವುದಿಲ್ಲ, ಎಲ್ಲ ಇರಲಿ. ಲ್ಯಾಬ್ ವರದಿ ಇದ್ದರೆ ಹಾಕಿ. ಇಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ. ಊಟದ ವಿಷಯದಲ್ಲಿ ಒಂದಕ್ಷರವೂ ಬಣ್ಣ ಹಚ್ಚಿದ್ದು ಇರಬಾರದು.

ಈಗ ಕೆಲಸಕ್ಕೆ ಬರೋಣ. ಎಐ ಹತ್ತಿರ ವಿಷಯ ಕೇಳಬೇಡಿ, ವಿಷಯ ನೀವು ಕೊಡಿ. ಆರ್ಡರ್ ಬರುವುದು ವಾಟ್ಸಾಪಿನಲ್ಲಿ ತಾನೆ? ಗಿರಾಕಿಗಳ ಚಾಟ್ ತೆರೆದು, ಅವರು ಕೇಳಿದ ಪ್ರಶ್ನೆಗಳನ್ನಷ್ಟೇ ಒಂದು ಶೀಟ್‌ಗೆ ಇಳಿಸಿ. ಹೆಸರು, ನಂಬರ್ ಬೇಡ. ಅವರು ಬರೆದ ಹಾಗೆಯೇ ಇರಲಿ. 'ಪಾಯಸ ಬಡಿಸಿದ್ರೆ ಸೋರ್ತದಾ?' 'ಐನೂರು ಊಟಕ್ಕೆ ಎಷ್ಟು ಕಟ್ಟು ಬೇಕು?' 'ಮಳೆಗಾಲದಲ್ಲಿ ಬೂಷ್ಟು ಬರ್ತದಾ?' 'ಬದಿ ಕೈಗೆ ಚುಚ್ಚುತ್ತಾ?' ಫೋನಿನಲ್ಲಿ ಕೇಳಿದ್ದು ಅಪ್ಪನಿಗೆ ನೆನಪಿರುತ್ತದೆ, ಅವರನ್ನೂ ಕೂರಿಸಿಕೊಳ್ಳಿ.

ಆಮೇಲೆ ಅದನ್ನು ಎಐಗೆ ಕೊಟ್ಟು ಹೀಗೆ ಹೇಳಿ: 'ಇವು ನಮ್ಮ ಗಿರಾಕಿಗಳು ಕೇಳಿದ ಪ್ರಶ್ನೆಗಳು. ಒಂದೇ ಉತ್ತರ ಸಾಕಾಗುವ ಪ್ರಶ್ನೆಗಳನ್ನು ಒಟ್ಟು ಸೇರಿಸು. ಹೊಸ ಪ್ರಶ್ನೆ ಸೇರಿಸಬೇಡ. ಪದ ಬದಲಿಸಬೇಡ. ಯಾವ ಗುಂಪಿಗೂ ಸೇರದ್ದನ್ನು ಕೊನೆಯಲ್ಲಿ ಬೇರೆ ಇಡು.' ವಿಂಗಡಿಸುವ ಕೆಲಸವನ್ನು ಈ ಟೂಲ್‌ಗಳು ಚೆನ್ನಾಗಿಯೇ ಮಾಡುತ್ತವೆ. ಕೊನೆಯ ಸಾಲನ್ನು ಬಿಡಬೇಡಿ. ಅದನ್ನು ಹೇಳದಿದ್ದರೆ ಒಂಟಿ ಪ್ರಶ್ನೆಗಳನ್ನೂ ಎಲ್ಲಾದರೂ ತುರುಕಿಬಿಡುತ್ತದೆ. ಬೇರೆ ಯಾವ ಸೈಟಿನಲ್ಲೂ ಉತ್ತರ ಸಿಗದ ಪ್ರಶ್ನೆಗಳು ಹೆಚ್ಚಾಗಿ ಆ ಒಂಟಿಗಳ ನಡುವೆಯೇ ಇರುತ್ತವೆ.

ಗುಂಪು ಆಯಿತು ಎಂದು ಬರೆಯಲು ಕೂರಬೇಡಿ, ಗೂಗಲ್‌ನಲ್ಲಿ ಪರೀಕ್ಷೆ ಮಾಡಿ. ಇನ್‌ಕಾಗ್ನಿಟೋದಲ್ಲಿ (ಹಳೆಯ ಹುಡುಕಾಟ ನೆನಪಿಡದ ಬ್ರೌಸರ್ ಕಿಟಕಿ) ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಹುಡುಕಿ. ಮೊದಲ ಪುಟದಲ್ಲಿ ಹೆಚ್ಚು ಕಡಿಮೆ ಅದೇ ಸೈಟುಗಳು ಬಂದರೆ ಎರಡಕ್ಕೂ ಒಂದೇ ಪುಟ ಸಾಕು. ಫಲಿತಾಂಶವೇ ಬೇರೆಯಾದರೆ ಎರಡು ಪುಟ ಮಾಡಿ. ಸುಮ್ನೆ ಎರಡು ಬರೆದರೆ ನಿಮ್ಮದೇ ಪುಟಗಳು ಒಂದರ ಕಾಲು ಒಂದು ಎಳೆಯುತ್ತವೆ.

ನಡುವಿನ ದೊಡ್ಡ ಪುಟ, ಅದೇ ಪಿಲ್ಲರ್ ಪೇಜ್, ನಿಮಗೆ 'ಸಮಾರಂಭದ ಊಟಕ್ಕೆ ಹಾಳೆ ತಟ್ಟೆ' ಆಗಬೇಕು ಅಂತ ನನ್ನ ಅಭಿಪ್ರಾಯ. ಅಳತೆ, ಲೆಕ್ಕ, ದರ, ತಲುಪಿಸುವ ಜಾಗಗಳು ಅದರಲ್ಲಿ ಸ್ವಲ್ಪ ಸ್ವಲ್ಪ ಇರಲಿ. ವಿವರ ಸಣ್ಣ ಪುಟಗಳಲ್ಲಿ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಲಿಂಕ್ ಕೊಡಿ. 'ಇಲ್ಲಿ ಕ್ಲಿಕ್ ಮಾಡಿ' ಬೇಡ, 'ಐನೂರು ಊಟಕ್ಕೆ ತಟ್ಟೆಯ ಲೆಕ್ಕ' ಎಂದೇ ಲಿಂಕ್ ಇರಲಿ.

'ಹತ್ತು ಪ್ರಯೋಜನಗಳು' ಎಲ್ಲರ ಸೈಟಿನಲ್ಲೂ ಇದೆ. ಕೇರಳದಲ್ಲಿ 2020ರ ಜನವರಿಯಿಂದ, ದೇಶದಲ್ಲಿ 2022ರ ಜುಲೈಯಿಂದ ಒಮ್ಮೆ ಬಳಸಿ ಎಸೆಯುವ ಹಲವು ಬಗೆಯ ಪ್ಲಾಸ್ಟಿಕ್‌ಗೆ ನಿಷೇಧ ಇದೆ. ಸಮಿತಿಯವರು ಹಾಳೆ ತಟ್ಟೆ ತೆಗೆದುಕೊಳ್ಳಬೇಕು ಎಂದು ಆಗಲೇ ತೀರ್ಮಾನ ಮಾಡಿರುತ್ತಾರೆ. ಅವರಿಗೆ ಬೇಕಾದ್ದು ಎಷ್ಟು, ಯಾವಾಗ, ಏನು ದರ ಎಂಬ ಉತ್ತರ. ಇನ್ನೊಂದು ಮಾತು. ರ‍್ಯಾಂಕಿಂಗ್‌ಗೋಸ್ಕರ ರಾಶಿ ರಾಶಿ ಪುಟ ಹಾಕುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನಿಯಮದೊಳಗೆ ತಂದಿದೆ. ಎಐ ಬರೆದದ್ದಾ, ಮನುಷ್ಯ ಬರೆದದ್ದಾ ಎಂಬುದಲ್ಲ ಅಲ್ಲಿನ ಪ್ರಶ್ನೆ. ಓದುವವರಿಗೆ ಉಪಯೋಗ ಇದೆಯಾ ಎಂಬುದು.

ಮುಳ್ಳೇರಿಯಾ ಅಡುಗೆ:

ನಾನು ಅಡುಗೆ ವಹಿಸಿಕೊಳ್ಳುವವ, ವೆಬ್‌ಸೈಟ್ ಕೆಲಸ ಗೊತ್ತಿಲ್ಲ. ಆದರೆ ತಟ್ಟೆ ಹುಡುಕುವವ ನಾನೇ ಅಲ್ವಾ, ಅದಕ್ಕೆ ಹೇಳುತ್ತೇನೆ. ಬಫೆಗೆ 12 ಇಂಚಿನದ್ದು ಕೈಯಲ್ಲಿ ಹಿಡಿದಾಗ ಬಾಗುತ್ತದಾ, ನೋಡಬೇಕು. ಫೋಟೋದಲ್ಲಿ ಖಾಲಿ ತಟ್ಟೆ ತೋರಿಸಿದರೆ ಏನೂ ಗೊತ್ತಾಗುವುದಿಲ್ಲ ಮಾರಾಯ್ರೆ. ಅನ್ನ, ಸಾಂಬಾರು ಹಾಕಿ ಅರ್ಧ ಗಂಟೆ ಬಿಟ್ಟು ಅಡಿಭಾಗದ ಫೋಟೋ ಹಾಕಿ. ಒದ್ದೆಯಾಗಿದೆಯಾ ಇಲ್ಲವಾ ಕಾಣಲಿ. ಮತ್ತೆ ಮಾರ್ಚ್, ಏಪ್ರಿಲ್‌ನ ಜಾತ್ರೆ ಮದುವೆಗೆ ಎಷ್ಟು ಮೊದಲು ಹೇಳಿಡಬೇಕು ಅಂತಲೂ ಬರೆಯಿರಿ.

ಉಪ್ಪಳದಿಂದ:

ಭಾಷೆಯ ಬಗ್ಗೆ. ನಮ್ಮ ಜಿಲ್ಲೆಯಲ್ಲಿ ಒಂದೇ ಭಾಷೆ ಸಾಕಾಗುವುದಿಲ್ಲ. ಕಾಞಂಗಾಡಿನ ಕಡೆಯವರು 'ಪಾಳ ಪ್ಲೇಟ್' ಎಂದು ಹುಡುಕುತ್ತಾರೆ, ಮಂಗಳೂರಿನವರು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಆದರೆ ಕನ್ನಡದ ಎಲ್ಲ ಪುಟಗಳನ್ನೂ ಎಐಯಿಂದ ಮಲಯಾಳಕ್ಕೆ ತಿರುಗಿಸಿ ಹಾಕಬೇಡಿ. ದೊಡ್ಡ ಪುಟ ಮೂರೂ ಭಾಷೆಯಲ್ಲಿರಲಿ. ಮಲಯಾಳದ್ದನ್ನು ಆ ಭಾಷೆಯವರೊಬ್ಬರು ಓದಿ ತಿದ್ದಲಿ. ಒಂದೇ ಪುಟದೊಳಗೆ ಮೂರು ಭಾಷೆ ಬೆರೆಸುವುದು ಬೇಡ, ಪ್ರತಿ ಭಾಷೆಗೂ ಬೇರೆ ವಿಳಾಸ. ಮೂರೂ ಒಂದೇ ಪುಟದ ರೂಪಗಳು ಎಂದು ಗೂಗಲ್‌ಗೆ ತಿಳಿಸಲು ಎಚ್‌ರೆಫ್‌ಲ್ಯಾಂಗ್ ಟ್ಯಾಗ್ ಹಾಕಿ.

ಪೆರ್ಲದ ಹಾಳೆತಟ್ಟೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಪ್ಪನನ್ನು ಕೂರಿಸಿಕೊಂಡು ಪ್ರಶ್ನೆಗಳನ್ನು ಬರೆದೆ, ಎಐ ಗುಂಪು ಮಾಡಿತು. ಒಂಟಿಯಾಗಿ ಉಳಿದವುಗಳಲ್ಲಿ ಒಂದು ಹೀಗಿದೆ: 'ಊಟ ಆದ ಮೇಲೆ ತಟ್ಟೆಗಳನ್ನು ದನಕ್ಕೆ ಹಾಕಬಹುದಾ, ಗೊಬ್ಬರದ ಗುಂಡಿಗೆ ಹಾಕಬಹುದಾ?' ಇದಕ್ಕೆ ಬೇರೆ ಪುಟ ಬೇಕಾ? ಮತ್ತೆ 'ಬೂಷ್ಟು' ಮತ್ತು 'ಎಷ್ಟು ತಿಂಗಳು ಇಡಬಹುದು' ಇವೆರಡನ್ನು ಎಐ ಬೇರೆ ಬೇರೆ ಗುಂಪಿಗೆ ಹಾಕಿದೆ.

ಕುಂಬಳೆ ವೆಬ್ ಕೆಲಸ:

ಬೂಷ್ಟು ಮತ್ತು ಇಡುವ ಅವಧಿ ಒಂದೇ ಪುಟ. ಇಲ್ಲಿ ಎಐ ಮಾತು ಬೇಡ, ನಿಮ್ಮ ಅನುಭವ ನೋಡಿ. ತಟ್ಟೆ ಹೆಚ್ಚು ಕಾಲ ಉಳಿಯದಿರುವುದಕ್ಕೆ ಕಾರಣವೇ ಮಳೆಗಾಲದ ತೇವ. ಹಾಗಿರುವಾಗ ಗಿರಾಕಿ ಎರಡು ಕಡೆ ಓದುವುದು ಯಾಕೆ? ಹಾಳೆ ಒಣಗಿದ್ದು ಸಾಲದಿದ್ದರೆ ಏನಾಗುತ್ತದೆ, ಕಟ್ಟನ್ನು ಎಲ್ಲಿ ಇಡಬೇಕು, ಬೂಷ್ಟು ಬಂದದ್ದನ್ನು ಯಾಕೆ ಬಳಸಬಾರದು, ಎಲ್ಲ ಅಪ್ಪ ಹೇಳಿದ ಹಾಗೆಯೇ ಬರೆಯಿರಿ.

ದನ ಮತ್ತು ಗೊಬ್ಬರದ ಪ್ರಶ್ನೆಗೆ ಖಂಡಿತ ಬೇರೆ ಪುಟ ಮಾಡಿ. ಸಾವಿರಾರು ಜನರ ಊಟ ಆದ ಮೇಲೆ ಸಮಿತಿಯವರಿಗೆ ಎದುರಾಗುವ ದೊಡ್ಡ ತಲೆನೋವು ಅದು. ದನಕ್ಕೆ ಹಾಕುವ ವಿಷಯವನ್ನು ಪಶುವೈದ್ಯರ ಹತ್ತಿರ ಕೇಳಿ ಬರೆಯಿರಿ. ಗೊಬ್ಬರದ ಭಾಗಕ್ಕೆ ನಿಮ್ಮ ತೋಟದಲ್ಲೇ ಬಳಸಿದ ತಟ್ಟೆಗಳನ್ನು ಗುಂಡಿಗೆ ಹಾಕಿ, ತಿಂಗಳಿಗೊಂದು ಫೋಟೋ ತೆಗೆದು ಸೇರಿಸುತ್ತಾ ಹೋಗಿ.

ಪುಟಗಳು ಸೈಟಿಗೆ ಹೋದ ಮೇಲೆ ಗೂಗಲ್ಲಿನ ಸರ್ಚ್ ಕನ್ಸೋಲ್ ಜೋಡಿಸಿ. ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಂಡಿತು ಎಂಬ ನಿಜವಾದ ಲೆಕ್ಕ ಅಲ್ಲಿ ಬರುತ್ತದೆ, 16 ತಿಂಗಳವರೆಗಿನದ್ದು ಉಳಿಯುತ್ತದೆ. ಮುಂದಿನ ಪುಟ ಯಾವುದು ಎಂದು ಅಲ್ಲಿಂದ ನೋಡಿ. ನಾಲ್ಕೈದು ಪುಟ ಆದಾಗ ಲಿಂಕ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.