ಚಿತ್ರದ ಮೊದಲ ದೃಶ್ಯ: ಎಷ್ಟು ತೋರಿಸಬೇಕು, ಎಷ್ಟು ಮುಚ್ಚಿಡಬೇಕು?

ಆಲೆಮನೆ (ಮಂಡ್ಯ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಐದು ಮಂದಿ ಗೆಳೆಯರು ಸೇರಿ ಮಂಡ್ಯದ ಬಳಿಯ ಒಂದು ಆಲೆಮನೆಯಲ್ಲಿ 18 ನಿಮಿಷದ ಕಿರುಚಿತ್ರವೊಂದನ್ನು ತೆಗೆದಿದ್ದೇವೆ. ಕಥೆ ನಡೆಯುವುದು 40 ವರ್ಷಗಳ ಹಿಂದೆ. ಬೆಲ್ಲ ಕೊಳ್ಳಲು ಬರುವ ವ್ಯಾಪಾರಿಯ ತಕ್ಕಡಿಯಲ್ಲಿ ಮೋಸವಿದೆ. ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದ ನೋಡುವ ಹುಡುಗ ಅದನ್ನು ಪತ್ತೆಹಚ್ಚುತ್ತಾನೆ.

ಚಿತ್ರದ ಆರಂಭದಲ್ಲಿ ಡ್ರೋನಿನಿಂದ ತೆಗೆದ ಕಬ್ಬಿನ ಗದ್ದೆಗಳೂ ವಿಶ್ವೇಶ್ವರಯ್ಯ ನಾಲೆಯೂ ಕಾಣುತ್ತವೆ. ಅವುಗಳ ಮೇಲೆ ಹುಡುಗನ ಮನೆಯ ಸಾಲವನ್ನೂ ತಂದೆಯ ಕಾಯಿಲೆಯನ್ನೂ ವಿವರಿಸುವ ಹಿನ್ನೆಲೆ ಧ್ವನಿ ಕೇಳುತ್ತದೆ. ಇಷ್ಟಕ್ಕೇ ಎರಡೂವರೆ ನಿಮಿಷ ಹಿಡಿಯುತ್ತದೆ. ಕಳೆದ ವಾರ ಮೈಸೂರಿನ ಸರಸ್ವತಿಪುರಂನಲ್ಲಿ ಗೆಳೆಯರೊಬ್ಬರ ಮನೆಯ ಮಹಡಿಯ ಮೇಲೆ ಇಪ್ಪತ್ತು ಜನರಿಗೆ ಇದನ್ನು ತೋರಿಸಿದೆವು. ನಾನು ಪರದೆಯನ್ನು ಬಿಟ್ಟು ನೋಡುವವರ ಮುಖಗಳನ್ನೇ ಗಮನಿಸುತ್ತ ಕುಳಿತಿದ್ದೆ. ನಾಲೆಯ ದೃಶ್ಯ ಮುಗಿಯುವ ಮೊದಲೇ ನಾಲ್ಕೈದು ಮುಖಗಳ ಮೇಲೆ ಮೊಬೈಲಿನ ಬೆಳಕು ಬಿದ್ದಿತು. ತಕ್ಕಡಿ ಕಾಣಿಸಿಕೊಂಡ ಮೇಲೆಯೇ ಅವರು ತಲೆಯೆತ್ತಿದ್ದು.

ಮೊದಲ ದೃಶ್ಯಕ್ಕೆ ಎಲ್ಲ ಬಗೆಯ ಚಿತ್ರಗಳಿಗೂ ಒಪ್ಪುವ ನಿಯಮವೊಂದು ಇದೆಯೇ, ಅಥವಾ ಭಯದ ಚಿತ್ರ, ಹಾಸ್ಯ, ರೋಚಕ ಕಥೆ ಇವುಗಳಿಗೆ ಬೇರೆ ಬೇರೆಯೇ ಇವೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಕತ್ತರಿ ಮೇಜು (ಮೈಸೂರು)

ನಾನು ಹಲವು ವರ್ಷಗಳಿಂದ ಸಂಕಲನದ ಕೆಲಸದಲ್ಲಿದ್ದೇನೆ. ಮೊದಲ ದೃಶ್ಯವನ್ನು ಕೂರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಕ್ಷಣದಲ್ಲಿ ಹೆಚ್ಚು ತಿಳಿದಿರುವವರು ಯಾರು, ಪಾತ್ರವೋ ನೋಡುಗನೋ? ಚಿತ್ರದ ಬಗೆ ಬದಲಾದಂತೆ ಇದಕ್ಕೆ ಉತ್ತರವೂ ಬದಲಾಗುತ್ತದೆ.

1958ರ ‘ಟಚ್ ಆಫ್ ಈವಿಲ್’ ಚಿತ್ರವನ್ನು ನೋಡಿ. ಕೈಯೊಂದು ಬಾಂಬಿಗೆ ಸಮಯವನ್ನು ಗೊತ್ತುಪಡಿಸಿ ಅದನ್ನು ಕಾರಿನ ಹಿಂಬದಿಯಲ್ಲಿ ಇಡುತ್ತದೆ. ಏನೂ ಅರಿಯದ ಇಬ್ಬರು ಬಂದು ಕಾರು ಹತ್ತುತ್ತಾರೆ. ಆ ಬಳಿಕ ಮೂರು ನಿಮಿಷಕ್ಕೂ ಹೆಚ್ಚು ಕಾಲ ಎಲ್ಲಿಯೂ ಕತ್ತರಿ ಆಡಿಸದೆ, ಕ್ಯಾಮೆರಾ ಗಡಿ ಊರಿನ ಬೀದಿಗಳಲ್ಲಿ ಆ ಕಾರನ್ನೂ ಅದರ ಆಸುಪಾಸಿನಲ್ಲೇ ನಡೆದು ಹೋಗುವ ನವದಂಪತಿಯನ್ನೂ ಹಿಂಬಾಲಿಸುತ್ತದೆ. ಕಾರಿನಲ್ಲಿರುವ ಹೆಂಗಸು ತನ್ನ ತಲೆಯೊಳಗೆ ಟಿಕ್ ಟಿಕ್ ಶಬ್ದ ಕೇಳುತ್ತಿದೆ ಎನ್ನುತ್ತಾಳೆ, ಯಾರೂ ಕಿವಿಗೊಡುವುದಿಲ್ಲ. ಕುರ್ಚಿಯಲ್ಲಿ ಕುಳಿತ ನಮಗೆ ಮಾತ್ರ ಸತ್ಯ ಗೊತ್ತು, ಅದನ್ನು ಅವಳಿಗೆ ಹೇಳುವ ದಾರಿ ಮಾತ್ರ ನಮಗಿಲ್ಲ. ರೋಚಕತೆ ಹುಟ್ಟುವುದು ಆ ಅಸಹಾಯಕತೆಯಿಂದಲೇ.

ಭಯದ ಚಿತ್ರ ಇದನ್ನು ತಿರುವುಮುರುವು ಮಾಡುತ್ತದೆ. 1975ರ ‘ಜಾಸ್’ ಚಿತ್ರದಲ್ಲಿ ರಾತ್ರಿ ಕಡಲಿಗಿಳಿದ ಹುಡುಗಿಯನ್ನು ಶಾರ್ಕ್ ಎಳೆದೊಯ್ಯುತ್ತದೆ, ಆದರೆ ಆ ದೃಶ್ಯದಲ್ಲಿ ಶಾರ್ಕ್ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನೀರಿನ ಮೇಲೆ ಅವಳ ದೇಹ ಅತ್ತಿತ್ತ ಜಗ್ಗಿಹೋಗುವುದಷ್ಟೇ ಕಾಣುತ್ತದೆ. ದಡದಲ್ಲಿ ಅವಳ ಜೊತೆಗಾರ ಕುಡಿದ ಮತ್ತಿನಲ್ಲಿ ಮಲಗಿರುತ್ತಾನೆ. ಆಮೇಲೆ ಕಡಲು ಏನೂ ನಡೆದೇ ಇಲ್ಲವೆಂಬಂತೆ ಸುಮ್ಮನಾಗುತ್ತದೆ. ಮುಂದೆ ಚಿತ್ರದುದ್ದಕ್ಕೂ ಬರಿಯ ನೀರನ್ನು ಕಂಡರೂ ನಾವು ಅಂಜುವಂತೆ ಮಾಡುವುದು ಆ ನಿಶ್ಶಬ್ದವೇ.

ಹಾಸ್ಯದ ವಿಚಾರಕ್ಕೆ ನಿಮ್ಮ ಜಿಲ್ಲೆಯನ್ನು ಬಿಟ್ಟು ದೂರ ಹೋಗಬೇಕಿಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಬಹುಪಾಲು ಊರಿನವರನ್ನೇ ಇಟ್ಟುಕೊಂಡು ತೆಗೆದ ‘ತಿಥಿ’ ಚಿತ್ರದ ಮೊದಲ ದೃಶ್ಯದಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡ ಬೀದಿ ಬದಿಯಲ್ಲಿ ಕುಳಿತು ಹೋಗಿ ಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಿರುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಮೂತ್ರಕ್ಕೆಂದು ಎದ್ದು ಹೋದವನು ಅಲ್ಲಿಯೇ ಕುಸಿದು ಸಾಯುತ್ತಾನೆ. ಬೈಗುಳಕ್ಕೆ ಬಳಸಿದ ಧಾಟಿಯನ್ನೇ ನಿರ್ದೇಶಕರು ಸಾವಿಗೂ ಬಳಸಿದ್ದಾರೆ. ಇಲ್ಲಿ ಗುಟ್ಟಿನ ಮಾತೇ ಇಲ್ಲ. ನೋಡುಗನೂ ಊರಿನವರೂ ಒಂದೇ ಜಗಲಿಯ ಮೇಲೆ ಕುಳಿತಂತೆ, ಎಲ್ಲರಿಗೂ ತಿಳಿದಿರುವುದು ಒಂದೇ. ಸಾವನ್ನು ಗೋಳಾಡದೆ ನೋಡುವ ಈ ನೋಟವನ್ನು ಮೊದಲ ಕೆಲವೇ ನಿಮಿಷಗಳಲ್ಲಿ ಕಲಿಸಿಕೊಡದಿದ್ದರೆ, ಅಜ್ಜನ ತಿಥಿಯ ಓಡಾಟದ ನಡುವೆ ನಡೆಯುವ ಜಮೀನಿನ ಹುನ್ನಾರಗಳಿಗೆ ನಾವು ನಗಲು ಹಿಂಜರಿಯುತ್ತಿದ್ದೆವು.

ನಿಮ್ಮ ಡ್ರೋನ್ ದೃಶ್ಯದಲ್ಲಿ ಯಾರಿಗೆ ಏನು ಗೊತ್ತು ಎಂಬ ಪ್ರಶ್ನೆಯೇ ಏಳುವುದಿಲ್ಲ. ಜನ ಮೊಬೈಲ್ ಹಿಡಿದದ್ದು ಆ ಕಾರಣಕ್ಕೇ ಎಂದು ನನಗನಿಸುತ್ತದೆ.

ಹಳೆಯ ಕ್ಯಾಬಿನ್ (ಮಂಡ್ಯ)

ಕತ್ತರಿ ಮೇಜು ಅವರ ಮಾತನ್ನು ಒಪ್ಪುತ್ತೇನೆ. ಚಿತ್ರಮಂದಿರದ ಕ್ಯಾಬಿನ್ನಿನಲ್ಲಿ ಬಹುಕಾಲ ಪ್ರೊಜೆಕ್ಟರ್ ಓಡಿಸಿದವನಾಗಿ ಒಂದು ವಿಷಯವನ್ನು ಸೇರಿಸುತ್ತೇನೆ. ಸಾವಿರ ಅಡಿಯ ರೀಲು ಸುಮಾರು 11 ನಿಮಿಷ ಓಡುತ್ತಿತ್ತು. ಮೊದಲ ರೀಲಿನ ಅರ್ಧ ಮುಗಿಯುವವರೆಗೂ ಗೇಟಿನವರ ಟಾರ್ಚ್ ಬೆಳಕು ಸಾಲುಗಳ ನಡುವೆ ಓಡಾಡುತ್ತಲೇ ಇರುತ್ತಿದ್ದುದನ್ನು ನಾನು ಕ್ಯಾಬಿನ್ನಿನ ಕಿಂಡಿಯಿಂದ ದಿನವೂ ಕಾಣುತ್ತಿದ್ದೆ. ಬಸ್ಸಿಳಿದು ಬರುವ ಹಳ್ಳಿಯವರಿಗಾಗಿ ಚಿತ್ರ ಕಾಯಲೇಬೇಕಿತ್ತು.

ಪಕ್ಕದ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ ‘ಶೋಲೆ’ಯ ಆರಂಭ ಈ ಅಗತ್ಯವನ್ನು ಎಷ್ಟು ಜಾಣತನದಿಂದ ನಿಭಾಯಿಸುತ್ತದೆ ನೋಡಿ. ರೈಲಿನಿಂದ ಇಳಿದ ಅಧಿಕಾರಿ ಕುದುರೆ ಏರಿ ಹೊರಡುತ್ತಾನೆ, ಹೆಸರುಗಳು ಮೂಡುತ್ತ ಹೋಗುತ್ತವೆ, ಸಂಗೀತ ನಡೆಯುತ್ತಿರುತ್ತದೆ. ತಡವಾಗಿ ಬಂದವನು ಕಥೆಯಲ್ಲಿ ಏನನ್ನೂ ಕಳೆದುಕೊಳ್ಳುವುದಿಲ್ಲ. ಮೊದಲೇ ಬಂದು ಕುಳಿತವನಿಗಾದರೋ, ಬಂಡೆಗಳನ್ನೂ ಊರನ್ನೂ ದಾಟುವಷ್ಟರಲ್ಲಿ ಆ ಸೀಮೆಯ ನಕ್ಷೆಯೇ ಮನಸ್ಸಿನಲ್ಲಿ ಮೂಡಿರುತ್ತದೆ. ಪಯಣದ ಕೊನೆಯಲ್ಲಿ ಶಾಲು ಹೊದ್ದ ಠಾಕೂರ್ ಎದುರಾಗುತ್ತಾನೆ. ಆ ಶಾಲಿನ ಕೆಳಗೆ ತೋಳುಗಳಿಲ್ಲವೆಂಬುದು ನಮಗೆ ತಿಳಿಯುವುದು ಎಷ್ಟೋ ಹೊತ್ತಿನ ಮೇಲೆ. ಎರಡನೆಯ ಸಲ ಚಿತ್ರ ನೋಡುವವರು ಮೊದಲ ದೃಶ್ಯದಲ್ಲೇ ಶಾಲಿನ ಮೇಲೆ ಕಣ್ಣು ನೆಟ್ಟು ಕೂರುತ್ತಿದ್ದರು. ಆ ಸಾಲುಗಳಲ್ಲಿ ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳುವುದು ಮೇಲಿನಿಂದಲೂ ಗೊತ್ತಾಗುತ್ತಿತ್ತು.

ಅಂದಿನ ನಿಧಾನಕ್ಕೆ ಕಾರಣವಿತ್ತು. ನಿಮ್ಮ ಇಪ್ಪತ್ತು ಜನ ಮೊದಲೇ ಬಂದು ಕುಳಿತಿದ್ದವರು, ಅವರನ್ನು ಕಾಯಿಸುವ ಅಗತ್ಯವಿರಲಿಲ್ಲ.

ಹಾರ್ಮೋನಿಯಂ (ಪಾಂಡವಪುರ)

ಒಂದು ಸಣ್ಣ ಭಿನ್ನಾಭಿಪ್ರಾಯವಿದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ, ದುರ್ಯೋಧನನ ತೊಡೆ ಮುರಿಯುತ್ತದೆಂಬುದು ಮುಂದಿನ ಸಾಲಿನ ಮಗುವಿಗೂ ಗೊತ್ತಿರುತ್ತದೆ. ಆದರೂ ಜನ ಬೆಳಗಿನ ಜಾವದವರೆಗೆ ಕೂರುತ್ತಾರೆ. ಅವರು ಕಾಯುವುದು ಸುದ್ದಿಗಾಗಿ ಅಲ್ಲ, ಪಾತ್ರಧಾರಿ ಪರದೆ ಸರಿಸಿ ಕಾಲಿಡುವ ಗತ್ತಿಗಾಗಿ, ಹಾಡಲು ಎತ್ತುವ ಮೊದಲ ಕಂದಪದ್ಯಕ್ಕಾಗಿ. 1972ರ ‘ನಾಗರಹಾವು’ ಆರಂಭವಾಗುವುದೂ ಹೀಗೆಯೇ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ರಾಮಾಚಾರಿ ಅವಮಾನವನ್ನು ನುಂಗಲಾರದೆ ಪ್ರಿನ್ಸಿಪಾಲರ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ. ಅಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ, ಇರುವುದು ಅವನ ಸ್ವಭಾವ ಮಾತ್ರ, ಮುಂದಿನ ಕಥೆಯೆಲ್ಲ ಅದರಿಂದಲೇ ಹೊರಡುತ್ತದೆ. ಆದುದರಿಂದ ಹುಡುಗನ ಸಾಲದ ವಿವರ ಬೇಡ; ಅವನು ಪಾಕವನ್ನು ನೋಡುವ ಬಗೆಯನ್ನು ತೋರಿಸಿ.

ಆಲೆಮನೆ (ಮಂಡ್ಯ)

ಎಲ್ಲರಿಗೂ ಕೃತಜ್ಞತೆಗಳು. ಎರಡು ದಿನ ಕುಳಿತು ಆರಂಭವನ್ನು ಹೊಸದಾಗಿ ಬರೆದಿದ್ದೇವೆ. ಡ್ರೋನೂ ಇಲ್ಲ, ಹಿನ್ನೆಲೆ ಧ್ವನಿಯೂ ಇಲ್ಲ. ನಸುಕಿನಲ್ಲಿ ಕೈಯೊಂದು ತೂಕದ ಕಲ್ಲು ಇಡುವ ತಟ್ಟೆಯನ್ನು ಮಗುಚಿ, ಅದರ ಅಡಿಗೆ ಹುಣಸೆಹಣ್ಣಿನ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸುತ್ತದೆ. ಅಲ್ಲಿಂದ ನೇರವಾಗಿ ಕೊಪ್ಪರಿಗೆಗೆ ಬರುತ್ತೇವೆ. ಹುಡುಗ ಕುದಿಯುವ ಪಾಕದ ಒಂದು ಹನಿಯನ್ನು ನೀರಿನ ಬಟ್ಟಲಿಗೆ ಬಿಟ್ಟು, ಬೆರಳಿನಲ್ಲಿ ಉರುಳಿಸಿ ನೋಡಿ, ಇನ್ನೂ ಹದ ಬಂದಿಲ್ಲವೆಂದು ತಲೆಯಾಡಿಸುತ್ತಾನೆ. ಎಲ್ಲ ಸೇರಿ ಐವತ್ತು ಸೆಕೆಂಡು. ಉಳಿದಿರುವ ಗೊಂದಲ ಒಂದೇ: ಹುಣಸೆಹಣ್ಣು ಅಂಟಿಸುವಾಗ ವ್ಯಾಪಾರಿಯ ಮುಖವನ್ನು ತೋರಿಸಬೇಕೇ?

ಕತ್ತರಿ ಮೇಜು (ಮೈಸೂರು)

ಹಾರ್ಮೋನಿಯಂ ಅವರ ತಿದ್ದುಪಡಿ ನ್ಯಾಯವಾದದ್ದು, ಬಟ್ಟಲಿನ ದೃಶ್ಯ ಅದರಿಂದಲೇ ದಕ್ಕಿದೆ. ಮುಖದ ಬಗ್ಗೆ ಹೇಳುವುದಾದರೆ, ಅದನ್ನು ತೋರಿಸಿದರೆ ಹುಡುಗ ಸತ್ಯವನ್ನು ಯಾವಾಗ ಕಾಣುತ್ತಾನೆಂದು ನಾವು ಚಡಪಡಿಸುತ್ತೇವೆ. ಮುಚ್ಚಿಟ್ಟರೆ ಆಲೆಮನೆಗೆ ಬರುವ ಪ್ರತಿಯೊಬ್ಬನ ಕೈಯನ್ನೂ ಅನುಮಾನದಿಂದ ನೋಡುತ್ತೇವೆ. ನಿಮ್ಮ ಕಥೆಯಲ್ಲಿ ಕೊಳ್ಳುವವನು ಒಬ್ಬನೇ ಆಗಿರುವುದರಿಂದ ಮುಚ್ಚಿಟ್ಟರೂ ಗುಟ್ಟು ಉಳಿಯುವುದಿಲ್ಲ. ಮುಖವನ್ನು ತೋರಿಸಿ. ಆದರೆ ಬೆರಳಿಗೆ ಅಂಟಿದ ಹುಣಸೆಹಣ್ಣನ್ನು ಅವನು ಪಂಚೆಯ ಅಂಚಿಗೆ ಒರೆಸಿಕೊಳ್ಳುವವರೆಗೆ ದೃಶ್ಯವನ್ನು ಕತ್ತರಿಸಬೇಡಿ. ಹುಡುಗನ ಕಣ್ಣಿಗೆ ಮುಂದೆ ಬೀಳಬೇಕಾದದ್ದು ಆ ಕಲೆ.